ಟೆಂಟ್ ಕೆಳಗೆ ತರಗೆಲೆ ಹಾಸಿದ್ದರೆ ಅಲ್ಲಿ ಮಲಗಬೇಡಿ

ನನ್ನ ಗಂಡ ಈಗ ಹುಷಾರಾಗಿದ್ದಾರೆ. ಸುದ್ದಿ ತಿಳಿದವರೆಲ್ಲ ಫೋನ್ ಮಾಡಿ ಕೇಳುತ್ತಿದ್ದಾರೆ, ಹಾಗಾಗಿ ಇದನ್ನೇ ಮೊದಲು ಹೇಳುತ್ತೇನೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಬಂದಿದ್ದು ಮಂಗನ ಕಾಯಿಲೆ. ರಜೆಗೆ ಅಂತ ಹೋಗಿದ್ದ ಕ್ಯಾಂಪಿನಿಂದ ಹತ್ತಿಸಿಕೊಂಡು ಬಂದಿದ್ದು. ಬೇಸಿಗೆ ಮುಗಿಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ಮಲೆನಾಡಿನ ಕಾಡಿಗೆ ಹೋಗೋಣ ಅಂದುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಕ್ಯಾಂಪಿನವರು ನಮಗೆ ಏನೂ ಹೇಳಲಿಲ್ಲ. ಹೇಳಿದ ಒಬ್ಬರ ಮಾತನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿ 26ರ ರಜೆ ಸೋಮವಾರ ಬಂದಿತ್ತು. ಶನಿವಾರ, ಭಾನುವಾರ ಸೇರಿ ಮೂರು ದಿನ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಹತ್ತಿರ, ಕಾಡಿಗೆ ಅಂಟಿಕೊಂಡಿರುವ ಒಂದು ಖಾಸಗಿ ಜಾಗ. ಆರು ಟೆಂಟ್, ಒಂದು ಅಡುಗೆ ಶೆಡ್, ಎರಡು ಶೌಚಾಲಯ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಇಬ್ಬರೂ ಅದುವರೆಗೆ ಟೆಂಟಿನಲ್ಲಿ ಮಲಗಿರಲಿಲ್ಲ. ಹೋಗುವ ಮೊದಲು ಫೋನಿನಲ್ಲಿ ಕೇಳಿದ್ದೆ, ಹಾವು ಬರುತ್ತಾ, ಚಿರತೆ ಬರುತ್ತಾ ಅಂತ. "ಏನೂ ಇಲ್ಲ ಮೇಡಂ, ಪೂರ್ತಿ ಸೇಫ್" ಅಂದರು. ಹಾವು ಚಿರತೆ ಯಾವುದೂ ಬರಲಿಲ್ಲ, ಅದು ನಿಜ. ಕೇಳಬೇಕಾಗಿದ್ದ ಪ್ರಶ್ನೆಯೇ ನನಗೆ ಗೊತ್ತಿರಲಿಲ್ಲ.

ಟೆಂಟುಗಳನ್ನು ದೊಡ್ಡ ಮರಗಳ ಕೆಳಗೆ ಹಾಕಿದ್ದರು. ನೆಲ ಮೆತ್ತಗಿರಲಿ ಅಂತ ಪ್ರತಿ ಟೆಂಟಿನ ಕೆಳಗೆ, ಸುತ್ತಲೂ, ಗೇಣುದ್ದ ತರಗೆಲೆ ಹರಡಿದ್ದರು. ಕಾಡಿನಿಂದಲೇ ಗುಡಿಸಿ ತಂದಿದ್ದು. ಅಲ್ಲಿಯವರು ಅದನ್ನು ದರಕು ಅನ್ನುತ್ತಾರೆ. ನೋಡಲು ತುಂಬಾ ಚೆನ್ನಾಗಿತ್ತು. ಮಕ್ಕಳಿಗಂತೂ ಹಬ್ಬ. ಚಪ್ಪಲಿ ಬಿಚ್ಚಿ ಅದರಲ್ಲಿ ಹೊರಳಾಡಿದರು. ಎರಡೂ ಕೈಯಲ್ಲಿ ಎಲೆ ಬಾಚಿ ಒಬ್ಬರ ಮೇಲೊಬ್ಬರು ತೂರಿದರು. ನಾನು ವಿಡಿಯೊ ಮಾಡಿದೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನ್ನ ಗಂಡ ಒಂದು ಟವೆಲ್ ಹಾಸಿಕೊಂಡು ಅದೇ ಎಲೆ ಮೇಲೆ ಎರಡು ಗಂಟೆ ನಿದ್ದೆ ಮಾಡಿದರು. "ಎಷ್ಟು ವರ್ಷವಾಗಿತ್ತು ಇಂಥ ನಿದ್ದೆ ಮಾಡಿ" ಅಂದರು.

ಪಾತ್ರೆ ತೊಳೆಯಲು ಊರಿನಿಂದ ಒಬ್ಬರು ವಯಸ್ಸಾದ ಹೆಂಗಸು ಬರುತ್ತಿದ್ದರು. ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ಅದೇನೋ ಎಣ್ಣೆ ಹಚ್ಚಿಕೊಂಡಿರುತ್ತಿದ್ದರು. ಮಕ್ಕಳು ಆಡುವುದನ್ನು ನೋಡಿ ನನ್ನ ಹತ್ತಿರ ಬಂದರು. "ಅಮ್ಮಾ, ಮಕ್ಕಳನ್ನ ದರಕಿನ ಮೇಲೆ ಬಿಡಬ್ಯಾಡಿ. ಉಣುಗು ಹತ್ತುತ್ತೆ. ಈಗ ಕಾಲ ಸರಿ ಇಲ್ಲ" ಅಂದರು. ನಾನು ಸರಿ ಅಂದೆ. ಉಣುಗು ಅಂದರೆ ಹಸು, ನಾಯಿಗೆ ಹತ್ತುವುದಲ್ವಾ, ಕಚ್ಚಿದರೆ ಸ್ವಲ್ಪ ತುರಿಕೆ ಬರಬಹುದು ಅಂತಷ್ಟೇ ನನ್ನ ತಲೆಯಲ್ಲಿತ್ತು. ಅವರು ಕಾಲಿಗೆ ಹಚ್ಚಿಕೊಂಡಿದ್ದು ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಅಂತ ಆಮೇಲೆ ಗೊತ್ತಾಯಿತು. ಆ ಭಾಗದ ಊರುಗಳಲ್ಲಿ ಕಾಡಿಗೆ ಹೋಗುವವರಿಗೆ ಆರೋಗ್ಯ ಇಲಾಖೆಯೇ ಅದನ್ನು ಹಂಚುತ್ತದೆ. ಊರಿನವರಿಗೆಲ್ಲ ಗೊತ್ತಿರುವ ವಿಷಯ ದುಡ್ಡು ಕೊಟ್ಟು ಬಂದ ನಮಗೆ ಮಾತ್ರ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ನೀರಿನ ಕಡೆ ನಡೆದು ಹೋಗುವಾಗ ಮಗ ನಿಂತುಬಿಟ್ಟ. ಬಿದಿರುಮೆಳೆಯ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಗಾಯ ಏನೂ ಕಾಣಲಿಲ್ಲ. ಜೊತೆಗಿದ್ದ ಕ್ಯಾಂಪಿನ ಹುಡುಗ "ಕರೆಂಟ್ ಹೊಡೆದಿರಬೇಕು" ಅಂತ ಹೇಳಿ ಕೋಲಿನಿಂದ ಪೊದೆಯೊಳಗೆ ತಳ್ಳಿದ. ಆ ಜಾಗದಲ್ಲಿ ಒಂದು ವಿದ್ಯುತ್ ಕಂಬವೂ ಇರಲಿಲ್ಲ. ಇದು ನನಗೆ ಹೊಳೆದಿದ್ದು ಹತ್ತು ದಿನದ ನಂತರ, ಆಸ್ಪತ್ರೆಯ ಕಾರಿಡಾರಿನಲ್ಲಿ.

ವಾಪಸ್ ಬರುವಾಗ ತಿಪಟೂರಿನ ಹತ್ತಿರ ಊಟಕ್ಕೆ ನಿಂತೆವು. ಮಗಳ ಜಡೆ ಸರಿ ಮಾಡುತ್ತಿದ್ದೆ. ಬಲಗಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಒಂದು ಕಂದು ಚುಕ್ಕೆ. ಕೊಳೆ ಅಂತ ಉಗುರಿನಿಂದ ಕೆರೆದೆ. ಬರಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಎಳ್ಳಿನ ಕಾಳಿಗಿಂತ ಚಿಕ್ಕದು. ಕಾಲುಗಳಿದ್ದವು. ತಲೆ ಚರ್ಮದೊಳಗೆ ಹೂತಿತ್ತು, ಹಿಂದಿನ ಭಾಗ ಮಾತ್ರ ಸ್ವಲ್ಪ ಅಲುಗುತ್ತಿತ್ತು. ಮಗಳಿಗೆ ನೋವಿಲ್ಲ, ತುರಿಕೆಯಿಲ್ಲ, ಅದು ಅಲ್ಲಿದೆ ಅಂತಲೇ ಗೊತ್ತಿಲ್ಲ. ನಾನು ಬೆರಳಿನಿಂದ ಹಿಂಡಿ ಕಿತ್ತು ಹೊಸಕಿ ಹಾಕಿದೆ. ಹಾಗೆ ಮಾಡಲೇಬಾರದು. ಅದರೊಳಗಿನ ರಸ ನಮ್ಮ ಕೈಗೆ, ಚರ್ಮಕ್ಕೆ ತಗಲಬಾರದು. ಚಿಮಟಿಗೆಯಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೆಟ್ಟಗೆ ನಿಧಾನವಾಗಿ ಎಳೆಯಬೇಕು. ಆಮೇಲೆ ಸೋಪು ಹಾಕಿ ತೊಳೆಯಬೇಕು. ಸೀಮೆಎಣ್ಣೆ ಹಾಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ.

ಮನೆಗೆ ಬಂದು ಮಕ್ಕಳನ್ನು ಬಿಸಿನೀರಿನಲ್ಲಿ ಉಜ್ಜಿ ಸ್ನಾನ ಮಾಡಿಸಿದೆ. ಗಂಡ ಸುಸ್ತಾಗಿದೆ ಅಂತ ಹಾಗೇ ಮಲಗಿದರು.

ಐದು ದಿನ ಏನೂ ಆಗಲಿಲ್ಲ. ಶನಿವಾರ ಸಂಜೆ ಗಂಡನಿಗೆ ಇದ್ದಕ್ಕಿದ್ದಂತೆ ಚಳಿ, ಜ್ವರ. ಒಂದು ಗಂಟೆಯೊಳಗೆ 103 ಡಿಗ್ರಿ. ತಲೆನೋವು ಅಂದರೆ ಹಣೆ ಒಡೆಯುವಂಥದ್ದು. ಸೊಂಟ, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು. ಸುಮ್ನೆ ವೈರಲ್ ಇರಬೇಕು ಅಂತ ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರು. ಸೋಮವಾರ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಡೆಂಗಿ ಟೆಸ್ಟ್ ಮಾಡಿಸಿದರು, ನೆಗೆಟಿವ್. ಪ್ಲೇಟ್‌ಲೆಟ್ ಕಡಿಮೆ ಇತ್ತು. ಡೆಂಗಿ ತರಹವೇ ಇದೆ, ಎರಡು ದಿನ ನೋಡೋಣ ಅಂದರು. ಡಾಕ್ಟರನ್ನು ನಾನು ದೂರುವುದಿಲ್ಲ. ಕಾಡಿಗೆ ಹೋಗಿ ಬಂದಿದ್ದೇವೆ ಅಂತ ನಾವೇ ಹೇಳಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆದಿರಲೇ ಇಲ್ಲ.

ಮಂಗಳವಾರ ರಾತ್ರಿ ವಾಂತಿ ಶುರುವಾಯಿತು. ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ ಸಿಂಕ್ ತುಂಬಾ ರಕ್ತ. ಒಸಡಿನಿಂದ ಬರುತ್ತಿತ್ತು. ನಿಲ್ಲಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಮಲೆನಾಡಿನ ಕಡೆಯವರು. ರಿಪೋರ್ಟ್ ನೋಡಿದರು, ಕಣ್ಣು ನೋಡಿದರು. "ಇತ್ತೀಚೆಗೆ ಎಲ್ಲಾದರೂ ಹೋಗಿದ್ರಾ?" ಅಂತ ಕೇಳಿದರು. ಸಾಗರ ಅಂದೆ. ಅವರ ಮುಖ ಬದಲಾಯಿತು. ಅಂಗಿ ಎತ್ತಿಸಿ ಮೈಯೆಲ್ಲ ಹುಡುಕಿದರು. ಬೆನ್ನಿನ ಕೆಳಗೆ, ಬೆಲ್ಟ್ ಕೂರುವ ಜಾಗದಲ್ಲಿ ಒಣಗಿದ ಕೆಂಪು ಗುರುತೊಂದು ಸಿಕ್ಕಿತು. ಗುರುತು ಇರಲೇಬೇಕು ಅಂತಿಲ್ಲವಂತೆ, ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಿರುವುದಿಲ್ಲ. ರಕ್ತದ ಸ್ಯಾಂಪಲ್ ಪರೀಕ್ಷೆಗೆ ಹೋಯಿತು. ಎರಡು ದಿನಕ್ಕೆ ಉತ್ತರ ಬಂತು. ಪಾಸಿಟಿವ್.

ಆ ಡಾಕ್ಟರ್ ಕೂತು ಬಿಡಿಸಿ ಹೇಳಿದ್ದನ್ನು ನಾನೂ ನಿಮಗೆ ಹೇಳುತ್ತೇನೆ. ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೇ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅಂತ ಹೆಸರು. ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಜನರಿಗೂ ಜ್ವರ ಬರುತ್ತಿತ್ತು. ಹಾಗಾಗಿ ಮಂಗನ ಕಾಯಿಲೆ ಅಂತ ಜನರ ಬಾಯಲ್ಲಿ ಉಳಿಯಿತು. ನಿಜಕ್ಕೂ ಹರಡುವುದು ಉಣುಗು. ಸೋಂಕು ತಗುಲಿದ ಮಂಗ ಸತ್ತರೆ, ಅದರ ಮೈ ತಣ್ಣಗಾಗುತ್ತಿದ್ದ ಹಾಗೆ ಅದರ ಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಅವು ಹಾರುವುದಿಲ್ಲ, ನೆಗೆಯುವುದಿಲ್ಲ. ಎಲೆಯ ತುದಿಯಲ್ಲಿ, ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತವೆ. ಮುಂದೆ ಯಾರು ಬಂದು ತಗುಲುತ್ತಾರೋ ಅವರ ಮೈ ಹತ್ತುತ್ತವೆ. ಮಂಗ ಸತ್ತ ಜಾಗದ ಸುತ್ತ 50 ಅಡಿಯವರೆಗೆ ಆರೋಗ್ಯ ಇಲಾಖೆಯವರು ಮೆಲಾಥಿಯಾನ್ ಅನ್ನುವ ಕೀಟನಾಶಕದ ಪುಡಿ ಹಾಕುವುದು ಇದಕ್ಕೇ.

ಮಳೆಗಾಲದಲ್ಲಿ ಇದರ ಕಾಟ ಕಡಿಮೆ. ಎಲೆ ಉದುರಿ ಒಣಗುವ ಕಾಲಕ್ಕೆ ಮರಿ ಉಣುಗುಗಳು ಜಾಸ್ತಿಯಾಗುತ್ತವೆ. ಡಿಸೆಂಬರಿನಿಂದ ಮೇವರೆಗೆ, ಅದರಲ್ಲೂ ಜನವರಿಯಿಂದ ಏಪ್ರಿಲ್‌ವರೆಗೆ ಕಾಯಿಲೆ ಹೆಚ್ಚು. ಅಂದರೆ ನಾವೆಲ್ಲ ಕ್ಯಾಂಪಿಗೆ ಹೋಗುವ ಕಾಲವೇ. ಬರೀ ಶಿವಮೊಗ್ಗದ ಮಾತೂ ಅಲ್ಲ ಇದು. ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ ಕಡೆ ಕಂಡಿದೆ. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತ್ತು. ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಗಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತಿದ್ದನ್ನು ಆಗ ಪೇಪರಿನಲ್ಲಿ ನಾನೂ ಓದಿದ್ದೆ. ಓದಿ ಪಾಪ ಅಂದುಕೊಂಡು ಪುಟ ತಿರುಗಿಸಿದ್ದೆ. ಅದೇ ತಾಲ್ಲೂಕಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಅದು ನೆನಪಿಗೇ ಬರಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತಿದೆ.

ಈ ವೈರಸ್ಸಿಗೆ ಅಂತಲೇ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಅಷ್ಟಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ. ಡ್ರಿಪ್, ಪ್ಯಾರಸಿಟಮಾಲ್, ರಕ್ತದೊತ್ತಡ ಮತ್ತು ಪ್ಲೇಟ್‌ಲೆಟ್ ಮೇಲೆ ನಿಗಾ, ಇಷ್ಟೇ. ಐಬುಪ್ರೊಫೆನ್ ನುಂಗಿದ್ದಾರೆ ಅಂತ ತಿಳಿದ ತಕ್ಷಣ ಡಾಕ್ಟರ್ ಅದನ್ನು ನಿಲ್ಲಿಸಿದರು. ಇಂಥ ಜ್ವರದಲ್ಲಿ ಅದು ರಕ್ತಸ್ರಾವ ಹೆಚ್ಚಿಸಬಹುದು. 100 ಜನಕ್ಕೆ ಈ ಕಾಯಿಲೆ ಬಂದರೆ 3ರಿಂದ 5 ಜನ ಉಳಿಯುವುದಿಲ್ಲ ಅಂತ ಅವರು ಹೇಳಿದಾಗ ನಾನು ಗೋಡೆ ಹಿಡಿದುಕೊಂಡೆ. ಆಮೇಲೆ ಕೇಳಿದ್ದು ಮಕ್ಕಳ ಬಗ್ಗೆ. ಉಣುಗು ಕಚ್ಚಿದ ಮೇಲೆ ಸಾಮಾನ್ಯವಾಗಿ 3ರಿಂದ 8 ದಿನದಲ್ಲಿ ಜ್ವರ ಬರುತ್ತದೆ ಅಂದರು. ಅಲ್ಲೇ ನಿಂತು ಬೆರಳಿನಲ್ಲಿ ಎಣಿಸಿದೆ. ಮಗಳ ಕಿವಿಯ ಹಿಂದಿನಿಂದ ಅದನ್ನು ಕಿತ್ತು ಒಂಬತ್ತು ದಿನವಾಗಿತ್ತು. ಆದರೂ ಇಡೀ ತಿಂಗಳು ದಿನಕ್ಕೆ ಮೂರು ಸಲ ಇಬ್ಬರ ಹಣೆ ಮುಟ್ಟಿ ನೋಡುತ್ತಿದ್ದೆ. ಎಲ್ಲ ಉಣುಗುಗಳಲ್ಲೂ ವೈರಸ್ ಇರುವುದಿಲ್ಲ. ನಮ್ಮ ಮಕ್ಕಳು ಉಳಿದಿದ್ದು ಅಷ್ಟರಿಂದ ಮಾತ್ರ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಅದೊಂದು ಸಮಾಧಾನ.

ಮನೆಗೆ ಬಂದ ಮೇಲೂ ಮುಗಿಯಲಿಲ್ಲ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಆಗ ಕುತ್ತಿಗೆ ಬಿಗಿತ, ನಡುಕ, ಮಾತು ತೊದಲುವುದು ಇರುತ್ತದೆ, ತಕ್ಷಣ ಕರೆದುಕೊಂಡು ಬನ್ನಿ ಅಂದಿದ್ದರು. ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬರಲಿಲ್ಲ, ಸದ್ಯ. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಕೂರುವಷ್ಟು ನಿಶ್ಶಕ್ತಿ ತಿಂಗಳಾದರೂ ಹೋಗಿರಲಿಲ್ಲ.

ಕಾಡಿಗೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಕಾಡು ತೋರಿಸಬೇಕು. ಆದರೆ ಈ ತಿಂಗಳುಗಳಲ್ಲಿ ಮಲೆನಾಡಿಗೆ ಹೋಗುವ ಮುಂಚೆ ಕ್ಯಾಂಪಿನವರನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಒಂದು ಫೋನ್ ಮಾಡಿ, ಮಂಗ ಸತ್ತಿದೆಯಾ, ಯಾರಿಗಾದರೂ ಜ್ವರ ಬಂದಿದೆಯಾ ಕೇಳಿ. ಟೆಂಟ್ ಬೋಳು ನೆಲದ ಮೇಲೆ ಇರಬೇಕು. ಸುತ್ತ ತರಗೆಲೆ ಇದ್ದರೆ ಗುಡಿಸಿ ಅಂತ ಹೇಳಿ, ಒಪ್ಪದಿದ್ದರೆ ಅಡ್ವಾನ್ಸ್ ಹೋದರೂ ಪರವಾಗಿಲ್ಲ, ವಾಪಸ್ ಬನ್ನಿ. ತುಂಬು ತೋಳು, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸುವುದು, ಬಿಳಿ ಬಟ್ಟೆ. ಬಿಳಿ ಬಟ್ಟೆಯ ಮೇಲಾದರೆ ಆ ಚುಕ್ಕೆ ಕಾಣುತ್ತದೆ. ಸಂಜೆ ಎಲ್ಲರ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಹೊಕ್ಕಳು, ಮೊಣಕಾಲಿನ ಹಿಂದೆ ಟಾರ್ಚ್ ಹಾಕಿ ನೋಡಿ. ದೊಡ್ಡವರನ್ನೂ ನೋಡಿ. ನಾನು ಮಕ್ಕಳನ್ನು ನೋಡಿದೆ, ಗಂಡನನ್ನು ನೋಡಲಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಂದ ಮೇಲೆ ಜ್ವರ ಬಂದರೆ ಡಾಕ್ಟರ್ ಕೇಳುವ ಮೊದಲೇ ಹೇಳಿ, ಇಂಥ ದಿನ ಇಂಥ ಕಾಡಿಗೆ ಹೋಗಿದ್ದೆವು ಅಂತ. ನಮಗೆ ಈ ಒಂದು ಮಾತಿನಿಂದ ಎರಡು ದಿನ ಉಳಿಯುತ್ತಿತ್ತು.

ಕ್ಯಾಂಪಿನವರಿಗೆ ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದೆ. ದುಡ್ಡಿಗಲ್ಲ. ಆ ಎಲೆ ತೆಗೆಸಿ, ಬೇರೆಯವರ ಮಕ್ಕಳೂ ಬರುತ್ತಾರೆ ಅಂತ ಹೇಳಲು. "ಇಷ್ಟು ಜನ ಬಂದು ಹೋಗಿದ್ದಾರೆ ಮೇಡಂ, ಯಾರಿಗೂ ಏನೂ ಆಗಿಲ್ಲ" ಅಂದರು. ಸತ್ತ ಮಂಗದ ವಿಷಯ ಕೇಳಿದಾಗ ಲೈನ್ ಕಟ್ ಆಯಿತು. ಆರೋಗ್ಯ ಇಲಾಖೆಯಿಂದ ನಮಗೆ ಕರೆ ಬಂದಾಗ ಜಾಗದ ಗುರುತು, ಬಿದಿರುಮೆಳೆ, ಎಲ್ಲ ಹೇಳಿದ್ದೇನೆ.

ಮೊನ್ನೆ ಕ್ಯಾಂಪಿನವರು ತಮ್ಮ ಪೇಜಿನಲ್ಲಿ ಹೊಸ ಫೋಟೋ ಹಾಕಿದ್ದಾರೆ. ಅದೇ ಮರಗಳು, ಅದೇ ಹಳದಿ ಟೆಂಟ್. ನಾಲ್ಕೈದು ವರ್ಷದ ಒಂದು ಮಗು ಎರಡೂ ಕೈಯಲ್ಲಿ ತರಗೆಲೆ ಬಾಚಿ ಮೇಲಕ್ಕೆ ತೂರುತ್ತಿದೆ. ಕಾಲಲ್ಲಿ ಚಪ್ಪಲಿ ಇಲ್ಲ.