256 ಸಾಲದಾಯ್ತು: ಡಬ್ಲ್ಯೂಡಿ ಬ್ಲೂ ಎಸ್‌ಎನ್580 1 ಟಿಬಿ, ಆರು ತಿಂಗಳ ನಂತರ

ವಿರಾಜಪೇಟೆ ಹತ್ತಿರ ನಮ್ಮ ಕಾಫಿ ತೋಟ. ತೋಟದ ಲೆಕ್ಕದ ಜೊತೆಗೆ ಮದುವೆ ಫೋಟೋ ತೆಗೆಯುವ ಕೆಲಸವನ್ನೂ ಮಾಡುತ್ತೇನೆ, ಎರಡಕ್ಕೂ ಒಂದೇ ಲ್ಯಾಪ್‌ಟಾಪ್. ಅದರಲ್ಲಿ ಬಂದಿದ್ದು 256 ಜಿಬಿ ಎಸ್‌ಎಸ್‌ಡಿ (ಫೈಲ್‌ಗಳನ್ನು ಚಿಪ್‌ನಲ್ಲಿ ಇಡುವ ಡ್ರೈವ್), ವಿಂಡೋಸ್ ತೋರಿಸುವುದು 238 ಮಾತ್ರ. ಇದು ಮೋಸ ಅಲ್ಲ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.

ನನ್ನ ಕ್ಯಾಮೆರಾದ ಒಂದು ರಾ ಫೈಲ್ (ಜೆಪಿಜಿ ಮಾಡದ ಮೂಲ ಫೋಟೋ) ಸುಮಾರು 25 ಎಂಬಿ. ಎರಡು ದಿನದ ಮದುವೆಗೆ 2000 ಫೋಟೋ ಹಿಡಿದರೂ 50 ಜಿಬಿ ಹೋಯ್ತು. ಎರಡು ವರ್ಷ ಹಾಗೂ ಹೀಗೂ ನಡೆಸಿದೆ. ಟೆಂಪ್ ಫೈಲ್ ತೆಗೆದೆ, ಡೌನ್‌ಲೋಡ್ಸ್ ಖಾಲಿ ಮಾಡಿದೆ, ಬೇಡದ ಸಾಫ್ಟ್‌ವೇರ್ ಕಿತ್ತೆ. ಕೊನೆಗೆ ಒಂದು ರಾತ್ರಿ, ಒಂದು ಮನೆಯವರ ಫೋಟೋ ಅಳಿಸದೆ ಇನ್ನೊಂದು ಮನೆಯವರ ಫೋಟೋ ಇಳಿಸಲು ಜಾಗವೇ ಇರಲಿಲ್ಲ. ಅಳಿಸಬೇಕಾದ ಫೋಟೋಗೆ ಬೇರೆ ಎಲ್ಲೂ ಕಾಪಿ ಇರಲಿಲ್ಲ. ಅವತ್ತೇ ದೊಡ್ಡ ಡ್ರೈವ್ ಹಾಕುವ ತೀರ್ಮಾನ ಮಾಡಿದೆ. ನಿಮಗೂ ಹೀಗೆ ಆಗುತ್ತಿದ್ದರೆ ಇನ್ನು ಕಾಯಬೇಡಿ.

ಜಾಗ ಮಾತ್ರ ಅಲ್ಲ, ಡ್ರೈವ್ ತುಂಬಿದ ಮೇಲೆ ನಿಧಾನವೂ ಆಗಿತ್ತು. ಕಾಫಿ ಒಣಗಿಸುವ ಕಣ ನೋಡಿದ್ದೀರಲ್ವಾ? ಕಣದ ತುಂಬ ಹಣ್ಣು ಹರಡಿದ್ದರೆ ಹೊಸದಾಗಿ ಕೊಯ್ದದ್ದನ್ನು ಸುರಿಯಲು ಮೊದಲು ಹಳೆಯದನ್ನು ಗುಡಿಸಿ ಒಂದು ಕಡೆ ಒಟ್ಟಬೇಕು. ಎಸ್‌ಎಸ್‌ಡಿ ಕೂಡ ಹಾಗೇ. ಬರೆದ ಜಾಗದ ಮೇಲೇ ಮತ್ತೆ ಬರೆಯಲು ಅದಕ್ಕೆ ಆಗಲ್ಲ, ಇಡೀ ಬ್ಲಾಕ್ ಅಳಿಸಿಯೇ ಬರೆಯಬೇಕು, ಖಾಲಿ ಬ್ಲಾಕ್ ಕಡಿಮೆ ಇದ್ದಷ್ಟೂ ಒಳಗೆ ಈ ಎತ್ತಿಡುವ ಕೆಲಸ ಜಾಸ್ತಿ. ಅದಕ್ಕೇ ಈಗ ನೂರಕ್ಕೆ ಇಪ್ಪತ್ತರಷ್ಟು ಯಾವಾಗಲೂ ಖಾಲಿ ಬಿಡುತ್ತೇನೆ.

ಅಂಗಡಿಯವರೊಬ್ಬರು ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂದರು. ಬೇಕಿರಲಿಲ್ಲ. ಡ್ರೈವ್ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ ಹಳೆ ಡ್ರೈವ್ ಆರೋಗ್ಯ 91% ಇತ್ತು, ಮೆಷಿನ್ ಕೂಡ ಚೆನ್ನಾಗಿತ್ತು, ಕೊರತೆ ಇದ್ದಿದ್ದು ಜಾಗಕ್ಕೆ ಮಾತ್ರ.

ನಾನು ತಗೊಂಡ ಎಸ್‌ಎಸ್‌ಡಿ ಡಬ್ಲ್ಯೂಡಿ ಬ್ಲೂ ಎಸ್‌ಎನ್580. ಎಂ.2 2280 ಅಳತೆಯದು (22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿ), ಜೆನ್ 4 (ಡ್ರೈವ್ ಕೂರುವ ಪಿಸಿಐಇ ಸಂಪರ್ಕದ ನಾಲ್ಕನೇ ತಲೆಮಾರು), ಓದುವ ವೇಗ ಸೆಕೆಂಡಿಗೆ 4150 ಎಂಬಿವರೆಗೆ. ನನ್ನ ಲ್ಯಾಪ್‌ಟಾಪ್ ಸ್ಲಾಟ್ ಜೆನ್ 3, ಹಾಗಾಗಿ 3500ರ ಹತ್ತಿರ ನಿಲ್ಲುತ್ತದೆ. ಫೋಟೋ ಕೆಲಸಕ್ಕೆ ಅದು ಧಾರಾಳ. ನನಗೆ ಮುಖ್ಯ ಅನಿಸಿದ್ದು 5 ವರ್ಷದ ವಾರಂಟಿ ಮತ್ತು 600 ಟಿಬಿಡಬ್ಲ್ಯೂ, ಅಂದರೆ ವಾರಂಟಿ ಲೆಕ್ಕದಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದು ಅನ್ನುವ ಮಿತಿ. ದಿನಾ 100 ಜಿಬಿ ಬರೆದರೂ 600 ಟಿಬಿ ಆಗಲು 16 ವರ್ಷ ಬೇಕು. 500 ಜಿಬಿಯದಕ್ಕೆ ಇದು 300 ಮಾತ್ರ. ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಇರಲಿಲ್ಲ, ಅದಕ್ಕೇ ಸುಮ್ನೆ ನಡುವಿನದಕ್ಕೆ ನಿಲ್ಲದೆ 1 ಟಿಬಿಗೆ ಹೋದೆ.

ಹಾಕುವ ಮೊದಲು ಸ್ಲಾಟ್ ಎನ್‌ವಿಎಂಇಯೋ (ಈ ಡ್ರೈವ್‌ಗೆ ಬೇಕಾದ ವೇಗದ ಸಂಪರ್ಕ) ಸಾಟಾನೋ (ಹಳೆಯ, ನಿಧಾನದ್ದು) ನೋಡಿಕೊಳ್ಳಿ, ಎರಡೂ ನೋಡಲು ಒಂದೇ ಥರ ಇರುತ್ತವೆ. ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹೊಸ ಡ್ರೈವನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಕ್ಲೋನೆಜಿಲ್ಲಾ ಸಾಫ್ಟ್‌ವೇರ್‌ನಲ್ಲಿ ಕ್ಲೋನ್ ಮಾಡಿದೆ, ಅಂದರೆ ಹಳೆ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಹಾಗೇ ನಕಲು. ಆ ಸಾಫ್ಟ್‌ವೇರ್ ಉಚಿತ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರಲ್ಲ, ಹಾಗಾಗಿ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡೇ ಕೂತೆ. ಕ್ಲೋನ್ ಆದ ಮೇಲೂ ಸಿ ಡ್ರೈವ್ 238 ಜಿಬಿಯೇ ತೋರಿಸಿ ಗಾಬರಿಯಾಯ್ತು. ಸಿ ಡ್ರೈವ್‌ಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟರೆ ಸರಿಪಡಿಸಲು ಇಟ್ಟ ಭಾಗ) ಅಡ್ಡ ಕೂತಿತ್ತು. ಅದನ್ನು ಕೊನೆಗೆ ಸರಿಸಿ ಸಿ ಡ್ರೈವ್ ಹಿಗ್ಗಿಸಿದ ಮೇಲೆ ಸರಿಹೋಯ್ತು.

ಟ್ಯಾಲಿ, ಬಿಲ್ಲು, ಹೋಂಸ್ಟೇ ಬುಕಿಂಗ್ ಅಷ್ಟೇ ನಿಮ್ಮ ಕೆಲಸ ಆದರೆ 256 ಸಾಕು, ಖರ್ಚು ಮಾಡಬೇಡಿ. ಹಳೆ ಡ್ರೈವ್ ಈಗ ಅದೇ ಯುಎಸ್‌ಬಿ ಕೇಸ್‌ನಲ್ಲಿದೆ. ಪ್ರತಿ ಮದುವೆಯ ಎರಡನೇ ಕಾಪಿ ಅದರಲ್ಲಿ ಇಡುತ್ತೇನೆ, ಆಲ್ಬಂ ಮನೆಗೆ ತಲುಪುವ ತನಕ ಅಳಿಸುವುದಿಲ್ಲ.