ಮುಷ್ಟಿಯೋ, ಅಂಗೈಯೋ, ಮೊಣಕೈಯೋ?

ಮೈಮೇಲೆ ಬಿದ್ದವನಿಂದ ಬಿಡಿಸಿಕೊಳ್ಳಲು ಯಾವ ಹೊಡೆತ ಕಲಿಯಬೇಕು? ಎಲ್ಲರಿಗೂ ಮೊದಲು ನೆನಪಾಗುವುದು ಮುಷ್ಟಿ. ಆದರೆ ಒಂದು ಕೈಯಲ್ಲಿ 27 ಸಣ್ಣಪುಟ್ಟ ಮೂಳೆಗಳಿವೆ, ತಲೆಬುರುಡೆ ಗಟ್ಟಿ. ಅಭ್ಯಾಸವಿಲ್ಲದವರು ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವ ಸಾಧ್ಯತೆ ಜಾಸ್ತಿ. ಬಾಕ್ಸರ್‌ಗಳು ಸುಮ್ನೆ ಕೈಗೆ ಪಟ್ಟಿ ಸುತ್ತಿಕೊಳ್ಳುವುದಿಲ್ಲ, ಅಲ್ವಾ?

ಅದೇ ದೂರಕ್ಕೆ ಅಂಗೈಯ ಬುಡ ವಾಸಿ. ಬೆರಳು ಹಿಂದಕ್ಕೆ ಬಾಗಿಸಿ, ಮಣಿಕಟ್ಟಿನ ಹತ್ತಿರದ ದಪ್ಪ ಭಾಗದಿಂದ ಗದ್ದ ಅಥವಾ ಮೂಗಿಗೆ ನೇರವಾಗಿ ಹೊಡೆಯುವುದು. ಮಣಿಕಟ್ಟು ಮಡಚಿಕೊಳ್ಳುವ ಭಯ ಕಡಿಮೆ. ಕೈ ತೆರೆದೇ ಇರುವುದರಿಂದ ತಳ್ಳಲೂ ಹಿಡಿಯಲೂ ಆಗುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಮೊಣಕೈ ಪೆಟ್ಟು ಇನ್ನೂ ಜೋರು. ಆದರೆ ಎದುರಿನವನು ಅಪ್ಪಿಕೊಳ್ಳುವಷ್ಟು ಹತ್ತಿರ ಇರಬೇಕು. ಸೊಂಟ ತಿರುಗಿಸದೆ ಬರೀ ಕೈ ಬೀಸಿದರೆ ಬಲ ಬರುವುದಿಲ್ಲ. ಹಿಂದಿನಿಂದ ಹಿಡಿದಾಗಲಂತೂ, ತೋಳು ಆಡಿಸಲು ಜಾಗವಿದ್ದರೆ, ಇದೇ ಕೈಗೆ ಬರುವುದು.

ಮೊಣಕಾಲು ತೊಡೆಸಂದಿಗೆ ಸರಿ. ಒಂಟಿಕಾಲಲ್ಲಿ ನಿಲ್ಲಬೇಕು, ಅದೇ ತೊಂದರೆ. ಅವನ ಭುಜವನ್ನೇ ಹಿಡಿದುಕೊಂಡರೆ ಆಯ್ತು.

ಯಾವುದನ್ನೇ ಆರಿಸಿ, ಪ್ಯಾಡ್ ಮೇಲೆ ಹೊಡೆದೇ ಕಲಿಯಿರಿ. ಗಾಳಿಗೆ ಬೀಸಿದರೆ ದೂರದ ಅಂದಾಜು ಸಿಗುವುದಿಲ್ಲ.