ಮೂರನೇ ಸಿಲಿಂಡರ್‌ಗೆ ದಮ್ಮಿಲ್ಲ: ಕಂಪ್ರೆಶನ್ ಗೇಜಾ, ಲೀಕ್‌ಡೌನ್ ಟೆಸ್ಟರಾ?

ನನ್ನದು 1969ರ ಫೋಕ್ಸ್‌ವ್ಯಾಗನ್ ವ್ಯಾನು. ಹಿಂದುಗಡೆ 1600ರ ಇಂಜಿನ್, ರೇಡಿಯೇಟರ್ ಇಲ್ಲ, ಎಲ್ಲಾ ಫ್ಯಾನ್ ಗಾಳಿಯಲ್ಲೇ ತಣ್ಣಗಾಗಬೇಕು. ಒಂದಷ್ಟು ದಿನದಿಂದ ಐಡ್ಲಿಂಗ್‌ನಲ್ಲಿ ಕುಂಟುತ್ತಿತ್ತು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಪ್ಲಗ್, ಪಾಯಿಂಟ್, ಕಾರ್ಬುರೇಟರ್ ಎಲ್ಲಾ ನೋಡಿದ್ದಾಯಿತು. ಉಳಿದದ್ದು ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರ್ ಒಳಗೆ ಹುಟ್ಟುವ ಒತ್ತಡ. ಅದನ್ನು ನೋಡೋಕೆ ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಸರಿ, ಒಂದೇ ಇಂಜಿನ್ ಮೇಲೆ ಎಲ್ಲಾನೂ ಮಾಡಿಬಿಡೋಣ ಅಂತ ಕೂತೆ.

ಮೊದಲು ಪುಕ್ಕಟೆ ದಾರಿ. ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ 30ರ ಪಾನಾ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸುವುದು. ಎರಡು ಸುತ್ತಿಗೆ ನಾಲ್ಕು ಸಲ ಕೈಗೆ ತಡೆ ಸಿಗಬೇಕು. ಮೂರು ಸಲ ಚೆನ್ನಾಗಿ ಸಿಕ್ಕಿತು, ನಾಲ್ಕನೆಯದು ಹುಸ್ಸ್ ಅಂತ ಸುಮ್ನೆ ಜಾರಿಹೋಯಿತು. ಯಾವ ಸಿಲಿಂಡರ್ ಅಂತ ತಿಳಿಯೋಕೆ ಒಂದೊಂದೇ ಪ್ಲಗ್ ವೈರ್ ಬಿಚ್ಚಿ ಸ್ಟಾರ್ಟ್ ಮಾಡಿ ನೋಡಿದೆ. ಮೂರನೆಯದು ಬಿಚ್ಚಿದಾಗ ಇಂಜಿನ್ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ, ಅಲ್ವಾ? ಐದು ನಿಮಿಷದಲ್ಲಿ ಕಳ್ಳ ಯಾರು ಅಂತ ಗೊತ್ತಾಯಿತು. ಕದ್ದದ್ದು ಹೇಗೆ ಅಂತ ಗೊತ್ತಾಗಲಿಲ್ಲ.

ಮೂರನೆಯದು ಅಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಎಡಗಡೆ, ಗೇರ್‌ಬಾಕ್ಸ್ ಪಕ್ಕದ ಸಿಲಿಂಡರ್ ಅದು. ಹಳೆಯ ಇಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನ್ ಕವಚದೊಳಗೆ ಅದರ ಮೇಲೇ ಕೂತಿರುತ್ತದೆ. ಕೂಲರ್ ದಾಟಿ ಬಿಸಿಯಾದ ಗಾಳಿಯೇ ಅದರ ಪಾಲಿಗೆ. 1971ರ ಮಾಡೆಲ್‌ಗೆ ಕೂಲರ್ ಹಿಂದಕ್ಕೆ ಸರಿಯಿತು, ನನ್ನದು ಅದಕ್ಕಿಂತ ಮುಂಚಿನದು.

ಇನ್ನು ಕಂಪ್ರೆಶನ್ ಗೇಜ್. ಇದರಲ್ಲಿ ಎರಡು ಜಾತಿ. ತುದಿಯಲ್ಲಿ ರಬ್ಬರ್ ಶಂಕು ಇರುವುದನ್ನು ಪ್ಲಗ್ ತೂತಿಗೆ ಒತ್ತಿ ಹಿಡಿಯಬೇಕು. ಇನ್ನೊಂದನ್ನು ಪ್ಲಗ್ ಥರಾನೇ 14 ಮಿ.ಮೀ. ಥ್ರೆಡ್‌ಗೆ ತಿರುಗಿಸಿ ಕೂರಿಸಬಹುದು. ಈ ವ್ಯಾನಿನಲ್ಲಿ ಪ್ಲಗ್‌ಗಳು ತಗಡಿನ ಸಂದಿಯಲ್ಲಿ, ಪಕ್ಕಕ್ಕೆ ಮುಖ ಮಾಡಿಕೊಂಡು ಕೂತಿವೆ. ಬಂಪರ್ ಮೇಲೆ ಬಗ್ಗಿ, ಒಂದು ಕೈ ಒಳಗೆ ತೂರಿಸಿ, ಅತ್ತ ಯಾರೋ ಸೆಲ್ಫ್ ಹೊಡೆಯುತ್ತಿರುವಾಗ ಇತ್ತ ರಬ್ಬರನ್ನು ನೆಟ್ಟಗೆ ಒತ್ತಿ ಹಿಡಿಯುವುದು ಮನುಷ್ಯ ಮಾಡುವ ಕೆಲಸವಲ್ಲ. ಮೂರನೇ ಸಿಲಿಂಡರ್‌ನಲ್ಲಿ ಒಮ್ಮೆ 55, ಇನ್ನೊಮ್ಮೆ 80 ಪಿಎಸ್‌ಐ (ಒತ್ತಡದ ಅಳತೆ) ಬಂತು. ತಿರುಗಿಸಿ ಕೂರಿಸುವ ಗೇಜ್‌ನಲ್ಲಿ ಮೂರು ಸಲವೂ 72 ಪಿಎಸ್‌ಐ. ಮಿಕ್ಕ ಮೂರು 110ರಿಂದ 118ರ ಒಳಗೆ. ಈ ಇಂಜಿನ್‌ಗೆ 100 ದಾಟಿದರೆ ನೆಮ್ಮದಿಯಾಗಿರಬಹುದು. ಆದರೆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ.

ಅಳೆಯುವಾಗ ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್ ವೈರ್ ತೆಗೆದಿರಬೇಕು, ಬ್ಯಾಟರಿ ಫುಲ್ ಇರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಮೊದಲ ದಿನ ಆಕ್ಸಿಲರೇಟರ್ ಒತ್ತೋದನ್ನೇ ಮರೆತು, ನಾಲ್ಕೂ ಕಡಿಮೆ ಬಂದು, ಇಂಜಿನ್ ಕಥೆ ಮುಗೀತು ಅಂತ ಅರ್ಧ ದಿನ ಮಂಕಾಗಿ ಕೂತಿದ್ದೆ. ಇನ್ನೊಂದು ವಿಷಯ: ಮುಳ್ಳು ಏರುವ ರೀತಿ ನೋಡಿ. ಮೊದಲ ಹೊಡೆತಕ್ಕೆ ಕಡಿಮೆ ಬಂದು ಆಮೇಲೆ ಮೆಲ್ಲಗೆ ಏರುತ್ತಾ ಹೋದರೆ ಹೆಚ್ಚಾಗಿ ರಿಂಗ್, ಅಂದರೆ ಪಿಸ್ಟನ್ ಸುತ್ತಲಿನ ಬಳೆ. ಕಡಿಮೆ ಬಂದು ಅಲ್ಲೇ ಉಳಿದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್. ನನ್ನದು ಅಲ್ಲೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿ ಟ್ಯಾಪೆಟ್ ಗ್ಯಾಪ್ ನೋಡಿದೆ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು. ನಿಜ ಹೇಳಬೇಕೆಂದರೆ ಇದನ್ನು ಮೊದಲೇ ನೋಡಬೇಕಿತ್ತು. ಇಂಜಿನ್ ಪೂರ್ತಿ ತಣ್ಣಗಿದ್ದಾಗ 0.15 ಮಿ.ಮೀ. ಇರಬೇಕಾದ ಕಡೆ, ಮೂರನೆಯ ಎಕ್ಸಾಸ್ಟ್ ವಾಲ್ವ್‌ನಲ್ಲಿ ಅತಿ ತೆಳ್ಳಗಿನ ಫೀಲರ್ (ಸಂದು ಅಳೆಯುವ ತಗಡಿನ ಪಟ್ಟಿ) ಕೂಡ ಹೋಗಲಿಲ್ಲ. ಗ್ಯಾಪ್ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸರಿಮಾಡಿ ಅಳೆದೆ, 72 ಇದ್ದದ್ದು 88 ಆಯಿತು. ಖುಷಿಯಾಯಿತು. ಆದರೆ ಕೆಲವೇ ದಿನದಲ್ಲಿ ಗ್ಯಾಪ್ ಮತ್ತೆ ಮುಚ್ಚಿಕೊಂಡಿತು. ಹೀಗೆ ಪದೇ ಪದೇ ಗ್ಯಾಪ್ ಕಮ್ಮಿಯಾಗುತ್ತಿದ್ದರೆ ಒಂದೋ ವಾಲ್ವ್ ಉದ್ದವಾಗುತ್ತಿದೆ, ಇಲ್ಲಾ ಅದು ಕೂರುವ ಸೀಟ್ ಒಳಗಿಳಿಯುತ್ತಿದೆ. ಆ ಸ್ಥಿತಿಯಲ್ಲಿ ಓಡಿಸುತ್ತಲೇ ಇದ್ದರೆ ಒಂದು ದಿನ ವಾಲ್ವ್ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ.

ಆಯಿಲ್ ಹಾಕಿ ಅಳೆಯುವ ವಿಧಾನವನ್ನು ಎಲ್ಲರೂ ಹೇಳುತ್ತಾರೆ. ಒಂದು ಚಮಚ ಆಯಿಲ್ ಸಿಲಿಂಡರ್‌ಗೆ ಬಿಡಿ, ಅಂಕಿ ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನೆಟ್ಟಗೆ ನಿಂತ ಇಂಜಿನ್‌ಗೆ ಇದು ಸರಿ, ಆಯಿಲ್ ಪಿಸ್ಟನ್ ಮೇಲೆ ಸುತ್ತಲೂ ಹರಡುತ್ತದೆ. ನಮ್ಮ ಸಿಲಿಂಡರ್‌ಗಳು ಅಡ್ಡ ಮಲಗಿವೆ. ಹಾಕಿದ ಆಯಿಲ್ ಬೋರಿನ ಕೆಳಗಡೆ ಕೊಚ್ಚೆ ನೀರಿನ ಥರ ನಿಲ್ಲುತ್ತದೆ, ರಿಂಗಿನ ಮೇಲ್ಭಾಗಕ್ಕೆ ಮುಟ್ಟುವುದೇ ಇಲ್ಲ. ನನ್ನ ಮೂರನೆಯದು 8 ಏರಿತು, ಚೆನ್ನಾಗಿದ್ದ ಒಂದನೆಯದೂ 9 ಏರಿತು. ಇದರಿಂದ ಏನು ತಿಳಿಯಬೇಕು? ಆಮೇಲೆ ಸ್ಟಾರ್ಟ್ ಮಾಡಿದಾಗ ಎದ್ದ ಹೊಗೆ ಬೇರೆ. ಈ ಜಾತಿಯ ಇಂಜಿನ್‌ಗೆ ಇದನ್ನು ಬಿಟ್ಟುಬಿಡಿ.

ಕೊನೆಗೆ ಲೀಕ್‌ಡೌನ್ ಟೆಸ್ಟರ್. ಕಂಪ್ರೆಸರ್ ಬೇಕು, ಪುರುಸೊತ್ತೂ ಬೇಕು. ಪಿಸ್ಟನ್ನನ್ನು ಕಂಪ್ರೆಶನ್ ಹೊಡೆತದ ತುತ್ತತುದಿಗೆ ತಂದು ನಿಲ್ಲಿಸಿ, ಪ್ಲಗ್ ತೂತಿನಿಂದ ಗಾಳಿ ಕೊಟ್ಟು, ಎಷ್ಟು ಸೋರುತ್ತದೆ ಅಂತ ಶೇಕಡಾ ಲೆಕ್ಕದಲ್ಲಿ ನೋಡುವುದು. ಪಾನಾವನ್ನು ಗಟ್ಟಿಯಾಗಿ ಹಿಡಿದಿರಿ. 85.5 ಮಿ.ಮೀ. ಪಿಸ್ಟನ್ ಮೇಲೆ 100 ಪಿಎಸ್‌ಐ ಅಂದರೆ ಹತ್ತಿರ ಹತ್ತಿರ 400 ಕೆ.ಜಿ. ಭಾರ. ನಾನು ತುದಿಗಿಂತ ಒಂಚೂರು ಆಚೆ ನಿಲ್ಲಿಸಿದ್ದೆ. ಗಾಳಿ ಬಿಟ್ಟ ಕೂಡಲೇ ಪುಲ್ಲಿ ಗಿರ್ರನೆ ತಿರುಗಿ, ಪಾನಾ ಜೊತೆ ಕೈಯೂ ಹೋಗಿ ತಗಡಿಗೆ ಬಡಿಯಿತು. ಗೆಣ್ಣಿನ ಚರ್ಮ ಹೋಯಿತು.

ಒಂದರಿಂದ ನಾಲ್ಕನೇ ಸಿಲಿಂಡರ್‌ವರೆಗೆ ಶೇಕಡಾ ಸೋರಿಕೆ: 9, 11, 38, 12. ಗೇಜ್ ಹೇಳದ ಒಂದು ಮಾತನ್ನು ಇದು ಹೇಳುತ್ತದೆ, ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ. ಕಾರ್ಬುರೇಟರ್ ಬಾಯಿಗೆ ಕಿವಿ ಕೊಟ್ಟೆ, ಸದ್ದಿಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದೆ, ಅಲ್ಲಿ ಸಣ್ಣ ಉಸಿರು. ಅದು ಎಲ್ಲಾ ಸಿಲಿಂಡರ್‌ಗೂ ಇತ್ತು, ರಿಂಗ್ ದಾಟಿ ಸ್ವಲ್ಪ ಗಾಳಿ ಬಂದೇ ಬರುತ್ತದೆ. ಸೈಲೆನ್ಸರ್ ಕೊಳವೆಗೆ ಅಂಗೈ ಹಿಡಿದೆ, ತಣ್ಣನೆ ಗಾಳಿ ಬಡಿಯಿತು. ಎಕ್ಸಾಸ್ಟ್ ವಾಲ್ವ್, ಅನುಮಾನವೇ ಇಲ್ಲ. ಸಿಲಿಂಡರ್ ಮತ್ತು ಹೆಡ್ ಕೂಡುವ ಕಡೆ ಸೋರಿದರೆ ಸದ್ದು ತಗಡಿನ ಅಡಿಯಿಂದ ಬರುತ್ತದೆ, ಅಲ್ಲೂ ಬಗ್ಗಿ ಕೇಳಿಬಿಡಿ. ಶೇಕಡಾವಾರು ಅಂಕಿ ಟೆಸ್ಟರ್‌ನಿಂದ ಟೆಸ್ಟರ್‌ಗೆ ಬದಲಾಗುತ್ತದೆ, ಬೇರೆಯವರ ಅಂಕಿ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ.

ಹಾಗಂತ ಲೀಕ್‌ಡೌನ್ ಒಂದೇ ಸಾಕು ಅಂತಲ್ಲ. ಗೆಳೆಯನ ಇಂಥದ್ದೇ ಇಂಜಿನ್‌ನಲ್ಲಿ ಒಂದು ಮತ್ತು ಮೂರನೇ ಸಿಲಿಂಡರ್‌ಗಳೆರಡೂ ಗೇಜ್‌ನಲ್ಲಿ ಕಡಿಮೆ. ಲೀಕ್‌ಡೌನ್‌ನಲ್ಲಿ ನಾಲ್ಕೂ ಒಳ್ಳೇದು. ಈ ಇಂಜಿನ್‌ನಲ್ಲಿ ಎದುರು ಬದುರಿನ ಸಿಲಿಂಡರ್‌ಗಳ ವಾಲ್ವ್‌ಗಳನ್ನು ಕ್ಯಾಮ್‌ನ (ವಾಲ್ವ್ ತೆರೆಸುವ ತಿರುಗುವ ದಂಡದ) ಒಂದೇ ಉಬ್ಬು ಎತ್ತುತ್ತದೆ. ಆ ಉಬ್ಬು ಸವೆದಿತ್ತು, ಇನ್‌ಟೇಕ್ ವಾಲ್ವ್ ಸಾಕಷ್ಟು ತೆರೆಯದೆ ಎರಡಕ್ಕೂ ಗಾಳಿ ಕಮ್ಮಿ. ಇಂಜಿನ್ ನಿಲ್ಲಿಸಿ ಮಾಡುವ ಪರೀಕ್ಷೆಗೆ ಇದು ಕಾಣುವುದಿಲ್ಲ. ರಾಕರ್ ಎಷ್ಟು ಏರುತ್ತದೆ ಅಂತ ಅಳೆದಾಗ ಸಿಕ್ಕಿತು.

ಪ್ಲಗ್ ತೂತಿನಲ್ಲಿ ಇಳಿಸುವ ಸಣ್ಣ ಕ್ಯಾಮೆರಾನೂ ನೋಡಿದೆ. ಪಿಸ್ಟನ್ ಮೇಲಿನ ಮಸಿ ಚೆನ್ನಾಗಿ ಕಂಡಿತು, ವಾಲ್ವ್ ಅಂಚು ಸರಿಯಾಗಿ ಕಾಣಲಿಲ್ಲ.

ಒಂದೇ ಸಾಮಾನು ಕೊಳ್ಳುವುದಾದರೆ ತಿರುಗಿಸಿ ಕೂರಿಸುವ ಗೇಜ್ ಕೊಳ್ಳಿ, ಜೊತೆಗೆ ಫೀಲರ್ ಹೇಗೂ ಬೇಕು. ಲೀಕ್‌ಡೌನ್ ಟೆಸ್ಟರನ್ನು ಹೆಡ್ ಬಿಚ್ಚುವ ಮುಂಚೆ ಒಂದು ದಿನಕ್ಕೆ ಯಾರಿಂದಲಾದರೂ ಎರವಲು ತಂದರೂ ಸಾಕು. ನಾನು ಹಾಗೇ ಮಾಡಿದ್ದು. ಎಡಗಡೆ ಹೆಡ್ ಇಳಿಸಿದಾಗ ಮೂರನೆಯ ಎಕ್ಸಾಸ್ಟ್ ವಾಲ್ವ್‌ನ ಅಂಚಿನಲ್ಲಿ ಉಗುರಿನಷ್ಟು ಅಗಲಕ್ಕೆ ಸುಟ್ಟು ಸವೆದಿತ್ತು. ಹೊಸ ವಾಲ್ವ್ ಹಾಕಿ, ಸೀಟ್ ಕಡೆಸಿ, ಕೂರಿಸಿ ಅಳೆದೆ: 114. ಗ್ಯಾಪ್ ಈಗ ವಾರಕ್ಕೊಮ್ಮೆ ನೋಡುತ್ತಿದ್ದೇನೆ, ಇನ್ನೂ 0.15 ಇದೆ.